ಬಾಬುರಾವನ ಮುಖ ತೊಳೆಯುವ ತನಕ

ಖಜೂರಿಯ ಆಚೆ

ನಮ್ಮ ಗಿರಿಜಕ್ಕನ ಪಾಲಿಗೆ ಪರದೇಶ ಆಳಂದ ದಾಟಿದ ಮೇಲೆ ಶುರುವಾಗುತ್ತದೆ. ವಿಮಾನ ಬೇಕಿಲ್ಲ, ಪಾಸ್‌ಪೋರ್ಟ್ ಬೇಕಿಲ್ಲ. ಗಡಿಯ ಊರು ಖಜೂರಿ ಹಿಂದೆ ಸರಿದು, ಮೊಬೈಲಿಗೆ ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬಂದದ್ದೇ ತಡ, ಆಕೆ ಸೆರಗು ಬಿಗಿದುಕೊಂಡಳು. ಕಾಲ ಬುಡದಲ್ಲಿದ್ದ ಚೀಲವನ್ನು ತೊಡೆಯ ಮೇಲೆಳೆದುಕೊಂಡು, "ತಮ್ಮಾ, ಇನ್ನ ಮುಂದ ಹುಷಾರು" ಎಂದಳು. ಚೀಲದಲ್ಲಿದ್ದದ್ದು ಬಂಗಾರವಲ್ಲ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ. ಮಹಾರಾಷ್ಟ್ರದವರೂ ಊಟ ಮಾಡುತ್ತಾರೆ ಎಂಬುದನ್ನು ಆಕೆ ಇನ್ನೂ ಪೂರ್ತಿ ನಂಬಿಲ್ಲ.

ನಾನು ಮಾಲತೇಶ, ರಾಣೆಬೆನ್ನೂರಿನವನು, ನಿವೃತ್ತ ಪಿ.ಟಿ. ಮಾಸ್ತರ. ನೌಕರಿ ಇರುವ ತನಕ ಸೀಟಿ ಊದಿದ್ದೇನೆ, ಕಬಡ್ಡಿ ಪಂದ್ಯಗಳಿಗೆ ಅಂಪೈರ್ ಆಗಿ ನಿಂತಿದ್ದೇನೆ. ಹಾಗಾಗಿ ದನಿ ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನ ಮಗಳು ರೇಣುಕಾ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ತಂದೆಯನ್ನು ತೋರಿಸಲು ಉದಗೀರದಿಂದ ಅಲ್ಲಿಗೆ ಬಂದ ಮಾಳು ಎಂಬ ಹುಡುಗ, ತಂದೆಗೆ ಗುಣವಾದ ಮೇಲೂ ಬರುತ್ತಲೇ ಇದ್ದ. ವಿಚಾರಿಸಿದರೆ ನಮ್ಮವರೇ, ಕುರಿ ಮತ್ತು ಹೊಲ ಇರುವ, ಬೀರಪ್ಪನಿಗೆ ನಡೆದುಕೊಳ್ಳುವ ಮನೆತನ. ತಂದೆ ಬೀರಣ್ಣ ಅಲ್ಲಿಯ ಬೀರಪ್ಪನ ಗುಡಿಯ ಪೂಜಾರಿ.

ನಾವು ಉದಗೀರಕ್ಕೆ ಹೊರಟದ್ದು ಭಂಡಾರ ಎತ್ತಲು. ದೇವರ ಮುಂದೆ ತಾಟಿನಲ್ಲಿ ಇಟ್ಟ ಅರಿಸಿನವನ್ನು ಗಂಡು ಹೆಣ್ಣಿನ ಕಡೆಯವರಿಬ್ಬರೂ ಮುಟ್ಟಿ ಎತ್ತಿದರೆ ಮಾತು ಮುಗಿದ ಹಾಗೆ. ಆಮೇಲೆ ಹಿಂದೆ ಸರಿಯುವಂತಿಲ್ಲ. ನಮ್ಮ ಕಡೆ ದೇವರಗುಡ್ಡದ ಭಂಡಾರಕ್ಕೂ ಇದೇ ಗೌರವ. ಭಾವನಿಗೆ ಮಂಡಿ ನೋವು, ಬಸ್ಸಿನಲ್ಲಿ ಕೂರಲಾರ. ಹೀಗಾಗಿ ಸೋದರಮಾವನ ಹೆಗಲಿಗೆ ಈ ಜವಾಬ್ದಾರಿ ಬಿತ್ತು.

ನಾವು ಕೂತ ಬಸ್ಸಿನ ಕಂಡಕ್ಟರ್ ಸೀಟಿನ ಕೆಳಗೆ ಎರಡು ಬೋರ್ಡು ಇಟ್ಟಿದ್ದ, ಒಂದು ಕನ್ನಡದ್ದು, ಒಂದು ಮರಾಠಿಯದ್ದು. ಗಡಿಯ ಹತ್ತಿರ ಮುಂದಿನ ಗಾಜಿನಲ್ಲಿದ್ದದ್ದನ್ನು ತೆಗೆದು ಇನ್ನೊಂದನ್ನು ಇಟ್ಟ. ಯಾಕೆಂದು ಕೇಳಿದೆ. "ಗದ್ಲ ಆದಾಗ ಆ ಕಡಿಯವ್ರು ಇದಕ್ಕ ಮಸಿ ಬಳೀತಾರ, ಈ ಕಡಿಯವ್ರು ಅದಕ್ಕ ಬಳೀತಾರ್ರಿ. ಒರಸೋ ಕೆಲಸ ಮಾತ್ರ ಎರಡೂ ಕಡಿ ನಂದೇ" ಎಂದ. ಹೇಳುವಾಗ ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಟಿಕೆಟ್ ಹರಿಯುತ್ತಾ ಮುಂದೆ ಹೋದ.

ಉಮರ್ಗಾ, ಮತ್ತು ಬೇಡದ ತುರೋರಿ

ಉಮರ್ಗಾದ ಬಸ್ ನಿಲ್ದಾಣದಲ್ಲಿ ಅಕ್ಕ ಗಟ್ಟಿ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, ಕಿವುಡರಿಗೆ ಹೇಳುವಂತೆ ಬಾಳೆಹಣ್ಣಿನವಳನ್ನು ದರ ಕೇಳಿದಳು. ಆಕೆ ಹಣ್ಣು ತೂಗುತ್ತಲೇ, "ಸಾವಕಾಶ ಹೇಳ್ರಿ ಅಕ್ಕಾ, ನಮಗ ಕನ್ನಡ ಬರ್ತದ" ಎಂದಳು. ಆಮೇಲೆ ಪಕ್ಕದವಳಿಗೆ ಮರಾಠಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಇಲ್ಲಿಯವರ ರೂಢಿಯೇ ಹಾಗೆ. ಒಂದು ಮಾತು ಕನ್ನಡದಲ್ಲಿ ಎತ್ತಿ, ನಡುವೆ ಉರ್ದು ಸೇರಿಸಿ, ಮರಾಠಿಯಲ್ಲಿ ಇಳಿಸುತ್ತಾರೆ. ನಮ್ಮಲ್ಲಿ 'ಐತಿ' ಎನ್ನುವ ಕಡೆ ಇವರದು 'ಅದ'. ಅರ್ಧ ದಿನದಲ್ಲಿ ಅಕ್ಕನೂ 'ಅದ, ಅದ' ಎನ್ನತೊಡಗಿದಳು.

ಅಕ್ಕನಿಗೆ ಇನ್ನೊಂದು ಚಟ. ಯಾರು ಸಿಕ್ಕರೂ ಐದು ನಿಮಿಷದಲ್ಲಿ ಮೊಬೈಲು ತೆಗೆದು ಭಾವಿ ಅಳಿಯನ ಫೋಟೊ ತೋರಿಸುವುದು. ಬಿಳಿ ಅಂಗಿ, ಕಪ್ಪು ಕನ್ನಡಕ, ಬುಲೆಟ್ ಬೈಕಿನ ಮೇಲೆ ಒಂದು ಕಾಲು. ಬಾಳೆಹಣ್ಣಿನವಳಿಗೂ ತೋರಿಸಿದಳು.

ಉದಗೀರದ ದಾರಿಯಲ್ಲಿರುವ ನಿಲಂಗಾಕ್ಕೆ ಬಸ್ಸು ತಡವೆಂದು ಕಾಳಿ-ಪಿವಳಿ ಹತ್ತಿದೆವು. ಕಪ್ಪು ಹಳದಿ ಬಣ್ಣದ ಬಾಡಿಗೆ ಜೀಪಿಗೆ ಅಲ್ಲಿ ಹಾಗನ್ನುತ್ತಾರೆ. "ಚಲಾ, ಚಲಾ" ಎಂದು ಚಾಲಕ ಕೂಗಿದ್ದೇ ಸಾಕಾಯಿತು ನನಗೆ. ಎಲ್ಲಿಗೆ ಎಂದು ಕೇಳದೆ ಅಕ್ಕನನ್ನೂ ಚೀಲವನ್ನೂ ಒಳಗೆ ತುಂಬಿದೆ. ಜೀಪು ಹೈದರಾಬಾದಿನ ಹೆದ್ದಾರಿ ಹಿಡಿದು ಓಡಿತು. ತುರೋರಿ ಬಂದಾಗ ಪಕ್ಕದವನು, ನಿಲಂಗಾ ಉಮರ್ಗಾದಿಂದ ಬೇರೆ ದಿಕ್ಕಿಗೆ ಎಂದು ಸಮಾಧಾನವಾಗಿ ತಿಳಿಸಿದ. ಅಕ್ಕ ರಸ್ತೆ ಬದಿಗೆ ಇಳಿದು ಸೊಂಟದ ಮೇಲೆ ಕೈ ಇಟ್ಟಳು. "ಊರ ಹುಡುಗ್ರಿಗೆಲ್ಲಾ ಎಡ ಬಲ ಕಲಿಸಿದ ಮಾಸ್ತರ ನೀನು!"

ತಿರುಗಿ ಹೋಗುವ ಗಾಡಿ ಸಿಗುವ ತನಕ ಲಾರಿಗಳು ನಿಲ್ಲುವ ಒಂದು ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ಮಾಲಕ ದಪ್ಪ ಮೀಸೆಯ ಮನುಷ್ಯ. ಎಲ್ಲಿಗೆ ಎಂದು ಕೇಳಿದ. ಅಷ್ಟು ಸಾಕು, ಅಕ್ಕನ ಮೊಬೈಲು ಹೊರಬಂತು.

ಮಾಲಕ ಫೋಟೊ ನೋಡಿ ಹಣೆ ಉಜ್ಜಿಕೊಂಡ. "ಅರೆ, ಇಂವಾ ನಮ್ಮ ಮಾಳು ಅಲ್ಲೇನ್ರಿ! ಉದಗೀರದಂವಾ! ಮೊನ್ನೆ ಝಕ್ಕಾಸ್ ಕೆಲಸಾ ಮಾಡ್ಯಾನ. ನೀವ್ ನೋಡಿಲ್ಲೇನು?" ಎಂದು ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಹಚ್ಚಿ ನಮ್ಮ ಮುಂದೆ ಹಿಡಿದ.

ಒಂದು ಕಿರಾಣಿ ಅಂಗಡಿ. ನಾಲ್ಕಾರು ಹುಡುಗರು ಒಬ್ಬ ದಪ್ಪನೆಯ ಮಧ್ಯವಯಸ್ಸಿನವನ ತೋಳು ಹಿಡಿದಿದ್ದಾರೆ. ಬಿಳಿ ಅಂಗಿಯ ಮಾಳು ಗ್ಯಾರೇಜಿನ ಕರಿ ಎಣ್ಣೆ ಅಂಗೈಗೆ ಹಚ್ಚಿಕೊಂಡು ಅವನ ಮುಖಕ್ಕೆ ಬಳಿಯುತ್ತಾನೆ. ಗಲ್ಲ, ಹಣೆ, ಕಿವಿ. ಆ ಮನುಷ್ಯ ಕಣ್ಣು ಮುಚ್ಚಿ ಬಾಯಿ ಬಿಗಿ ಹಿಡಿದು ನಿಂತಿದ್ದಾನೆ. ಹುಡುಗರು ತಮ್ಮ ಪಾರ್ಟಿಯ ಸಾಹೇಬರಿಗೆ ಜಯಕಾರ ಕೂಗುತ್ತಾರೆ. ಕೊನೆಗೆ ಮಾಳು ಕರಿ ಕೈಯನ್ನು ನಮ್ಮ ಕಡೆ ಎತ್ತಿ ನಗುತ್ತಾನೆ. ಅದೇ ನಗೆ, ಅಕ್ಕನ ಫೋಟೊದಲ್ಲಿ ಇದ್ದದ್ದು.

"ಬಾಬುರಾವ ಅಂತ, ಎದುರ ಪಾರ್ಟಿಯಂವಾ. ನಮ್ಮ ಸಾಹೇಬರ ಮ್ಯಾಲ ಚೇಷ್ಟಾ ಮಾಡಿ ಮೊಬೈಲಿನ್ಯಾಗ ಬರದಿದ್ದ. ಬರೋಬ್ಬರ್ ಜವಾಬ ಸಿಕ್ಕದ" ಎಂದ ಮಾಲಕ.

"ಬರೆದದ್ದಕ್ಕೆ ಮುಖಕ್ಕ ಎಣ್ಣಿ?" ಎಂದೆ.

"ಹೋದ ವರ್ಷ ಅವರು ನಮ್ಮ ಹುಡುಗಗ ಹಚ್ಚಿದ್ರಲ್ರಿ! ಬಾಬುರಾವನ ಅಣ್ಣನ ಮಗನೇ ಹಚ್ಚ್ಯಾನ. ಎಂಥಾ ಗುಂಡಾಗಿರಿ! ಮನಶಾರೇನು ಅವರು?"

"ಅವರು ಹಚ್ಚಿದ್ದು ಗುಂಡಾಗಿರಿ, ನೀವು ಹಚ್ಚಿದ್ದು ಜವಾಬು. ಎಣ್ಣಿ ಎರಡೂ ಸಲ ಅದೇ ಗ್ಯಾರೇಜಿಂದೋ?"

ಮಾಲಕ ಜೋರಾಗಿ ನಕ್ಕ. "ನೀವು ಕರ್ನಾಟಕದವ್ರು, ನಿಮಗ ಇಲ್ಲಿಂದು ತಿಳಿಯಲ್ಲ ಬಿಡ್ರಿ" ಎಂದು ನನ್ನ ಬೆನ್ನು ತಟ್ಟಿದ. ಮಾಳುವಿನ ಬೀಗರೆಂದು ಚಹಾದ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಅಕ್ಕ ತನ್ನ ಮೊಬೈಲನ್ನು ಬೋರಲು ಮಾಡಿ ಚೀಲದ ತಳಕ್ಕೆ, ರೊಟ್ಟಿಯ ಗಂಟಿನ ಕೆಳಗೆ ತುರುಕಿದಳು. ಅಲ್ಲಿಂದ ಮುಂದೆ ಯಾರಿಗೂ ಆ ಫೋಟೊ ತೋರಿಸಲಿಲ್ಲ.

ನಿಲಂಗಾ

ನಿಲಂಗಾದಲ್ಲಿ ನಮಗಾಗಿ ಸಂಗಯ್ಯಸ್ವಾಮಿಗಳು ಕಾದಿದ್ದರು. ಮನೆಮನೆಯ ಪೂಜೆ, ನಾಮಕರಣ, ಗೃಹಪ್ರವೇಶ ಮಾಡಿಸುವ ಅಯ್ಯನವರು. ಈ ಸಂಬಂಧಕ್ಕೆ ನಡುವೆ ಓಡಾಡಿದವರೂ ಅವರೇ. ನಮ್ಮ ಮುಖ ನೋಡಿಯೇ ಸುದ್ದಿ ಮುಟ್ಟಿದೆ ಎಂದು ಅವರಿಗೆ ತಿಳಿಯಿತು. "ಮೊದಲ ಒಂದೀಟು ತಿನ್ನಿರಿ" ಎಂದು ಒಂದು ಗಾಡಿಯ ಹತ್ತಿರ ಕರೆದೊಯ್ದರು.

ನಿಲಂಗಾ ರೈಸ್ ಎಂದು ಆ ಊರಿನ ಹೆಸರಿನಲ್ಲೇ ಒಂದು ತಿಂಡಿ ಇದೆ, ಹಳದಿ ಬಣ್ಣದ ಖಾರದ ಅನ್ನ. ನಮ್ಮ ಚಿತ್ರಾನ್ನದ ದಾಯಾದಿ ಎನ್ನಬಹುದು, ಆದರೆ ಖಾರದಲ್ಲಿ ಎರಡು ಮೆಟ್ಟಿಲು ಮೇಲೆ. ನನಗೆ ಕಣ್ಣು ಮೂಗಿನಲ್ಲಿ ನೀರು ಬಂತು. ಅಕ್ಕನ ಕಣ್ಣಲ್ಲೂ ನೀರಿತ್ತು, ಆಕೆ ಇನ್ನೂ ತುತ್ತು ಎತ್ತಿರಲಿಲ್ಲ.

"ಅಯ್ಯನವರೇ, ಹುಡುಗ ಇಂಥಾವ ಅಂತ ನೀವು ಯಾಕ ಹೇಳಲಿಲ್ಲ?" ಎಂದು ಕೇಳಿದಳು.

"ಹುಡುಗ ಛಲೋ ಅದಾನ ತಾಯಿ. ಕುಡಿಯಲ್ಲ, ಹೊಲಾ ನೋಡ್ತಾನ, ಅಪ್ಪಗ ಆರಾಮ ಇಲ್ಲದಾಗ ಬಾಜೂಕ ಕುಂತು ಸೇವಾ ಮಾಡ್ಯಾನ. ಈ ಪಾರ್ಟಿ ಹುಚ್ಚು ಒಂದೇ. ಜಿಲ್ಲಾ ಪರಿಷತ್ತಿಗಿ ಟಿಕೀಟ ಕೊಡ್ತೀವಿ ಅಂತ ಆಸಿ ಹಚ್ಚ್ಯಾರ."

"ನೀವು ಅವನಿಗೆ ತಪ್ಪು ಅಂತ ಹೇಳಿದ್ರೇನು?" ಎಂದೆ ನಾನು.

ಸ್ವಾಮಿಗಳು ಅನ್ನದಲ್ಲಿ ಮೆಣಸಿನಕಾಯಿ ಹುಡುಕಿದರು. "ನಮಗ ಎರಡೂ ಪಾರ್ಟಿ ಮನಿಗೋಳು ಬೇಕಲ್ರಿ ಮಾಸ್ತರ. ಬಾಬುರಾವನ ಮನಿಗಿ ಹೋಗಿ ಶಾಂತಿ ಇರಲಿ ಅಂತ ಆಶೀರ್ವಾದ ಮಾಡೀನಿ. ಮಾಳುನ ಮನಿಗೂ ಹೋಗಿ ಅದೇ ಆಶೀರ್ವಾದ ಮಾಡೀನಿ."

"ಹಚ್ಚಿದವನಿಗೂ ಹಚ್ಚಿಸಿಕೊಂಡವನಿಗೂ ಒಂದೇ ಆಶೀರ್ವಾದ. ಭಾರಿ ಸೋವಿ ಆತು ಬಿಡ್ರಿ" ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಕ್ಕು, ಆಮೇಲೆ ದನಿ ತಗ್ಗಿಸಿ ಹೋದ ವರ್ಷದ ಕತೆ ಹೇಳಿದರು.

ಹೋದ ವರ್ಷ ಬಾಬುರಾವನ ಅಣ್ಣನ ಮಗ ಮಾಳುವಿನ ಗೆಳೆಯನಿಗೆ ಮಸಿ ಬಳಿದ ಮೇಲೆ, ಆ ಮನೆಯವರು ಹೊಸ ಟ್ರ್ಯಾಕ್ಟರ್ ತೆಗೆದುಕೊಂಡು ಬೀರಪ್ಪನ ಗುಡಿಗೆ ಬಂದರು. ಅಲ್ಲಿ ಭಂಡಾರ ಹಚ್ಚದೆ ಯಾರೂ ಹೊಸ ಗಾಡಿ ಹೊಲಕ್ಕೆ ಇಳಿಸುವುದಿಲ್ಲ. ಪೂಜಾರಿ ಬೀರಣ್ಣ ಟ್ರ್ಯಾಕ್ಟರಿನ ಮೂತಿಗೆ ಭಂಡಾರ ಹಚ್ಚಿದ, ಗಾಲಿಗೆ ಹಚ್ಚಿದ, ಮನೆಯ ಹಿರಿಯರ ಹಣೆಗೆ ಹಚ್ಚಿದ. ಆ ಹುಡುಗನ ಮುಂದೆ ಬಂದಾಗ ತಾಟು ಹಿಂದೆ ತೆಗೆದುಕೊಂಡ. ಯಾರ ಮುಖ ಕೆಡಿಸಿದೆಯೋ ಅವನ ಮುಖ ನಿನ್ನ ಕೈಯಿಂದ ತೊಳೆದು ಬಾ, ಎಂದ. ಊರಲ್ಲಿ ಎಂಥ ಗದ್ದಲ! ಪೂಜಾರಿ ಮಗನ ಪಾರ್ಟಿಗೆ ಬಿಕರಿಯಾಗಿದ್ದಾನೆ ಎಂದು ಬಾಬುರಾವನೇ ಬೀದಿಯಲ್ಲಿ ನಿಂತು ಬೈದನಂತೆ. ಆದರೆ ಭಂಡಾರ ಇಲ್ಲದವನು ಓಡಿಸುವ ಟ್ರ್ಯಾಕ್ಟರಿನ ಬೆನ್ನ ಹಿಂದೆ ಯಾವ ಆಳೂ ಬರಲಿಲ್ಲ. ಕೊನೆಗೆ ಹುಡುಗ ತಂಬಿಗೆ ಹಿಡಿದು ಹೋಗಿ ತೊಳೆದು ಬಂದ.

"ಈಗ ಮಗನೇ ಮಸಿ ಹಚ್ಚ್ಯಾನ. ಇವತ್ತ ಸಂಜೀಗಿ ಭಂಡಾರದ ತಾಟ ಮಗನ ಮುಂದ ಹಿಡಿಬೇಕು. ಪೂಜಾರಿ ಏನ್ ಮಾಡ್ತಾನ ಅಂತ ಇಡೀ ಊರ ನೋಡ್ಕೋತ ಕುಂತದ" ಎಂದರು ಸ್ವಾಮಿಗಳು. ಅಕ್ಕ ಅನ್ನದ ಕಾಗದವನ್ನು ಹಾಗೇ ಮಡಚಿ ಇಟ್ಟಳು.

ವಲಾಂಡಿಯ ದಾರಿ

ನಿಲಂಗಾದಿಂದ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೊರಟೆವು. ಸೋಯಾ ಹೊಲಗಳ ನಡುವಿನ ರಸ್ತೆ, ನಮ್ಮ ಕಡೆ ಮೆಕ್ಕೆಜೋಳ ಹೇಗೋ ಇಲ್ಲಿ ಇದು. ಸ್ವಾಮಿಗಳು ಚಾಲಕನ ಪಕ್ಕ ಕೂತು ನಿದ್ದೆ ಮಾಡಿದರು. ಹಿಂದೆ ನಾನೂ ಅಕ್ಕನೂ ಜಗಳ ಆಡಿದೆವು.

"ಗಂಡು ಹುಡುಗ್ರು ಎಲ್ಲಾ ಒಂದಿಲ್ಲೊಂದು ಕಿತಾಪತಿ ಮಾಡ್ತಾರ. ಮದುವಿ ಆದ ಮ್ಯಾಲ ನೆಟ್ಟಗ ಆಕ್ಕಾನ" ಎಂದಳು ಅಕ್ಕ.

"ನಾಲ್ಕಾರು ಮಂದಿ ಕೈ ಹಿಡಕೊಂಡಾಗ ಇನ್ನೊಬ್ಬನ ಮುಖಕ್ಕ ಎಣ್ಣಿ ಹಚ್ಚೋದು ಕಿತಾಪತಿ ಏನು?"

"ಆ ಬಾಬುರಾವನೂ ಏನು ಸಂತ ಅಲ್ಲ. ಅಯ್ಯನವ್ರು ಹೇಳಲಿಲ್ಲೇನು?"

"ಸಂತ ಅಲ್ಲದವ್ರ ಮುಖಕ್ಕ ಹಚ್ಚಬಹುದು ಅಂದ್ರ ನನ್ನ ಮುಖಕ್ಕ ದಿನಾ ಹಚ್ಚಬೇಕಾಗ್ತದ!"

ವಲಾಂಡಿ ಬರುವ ಮೊದಲು ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಗಾಡಿ ನಿಂತಿತು. ಆಗ ರೇಣುಕಾಳ ಫೋನು ಬಂತು. ಅಕ್ಕ ಮಾತಾಡಲು ಒಲ್ಲೆ ಎಂದು ನನ್ನ ಕೈಗೆ ಕೊಟ್ಟಳು. ಹೇಗೆ ಹೇಳಲಿ ಎಂದು ನಾನು ತಡವರಿಸುವಷ್ಟರಲ್ಲಿ ಆಕೆಯೇ ಹೇಳಿದಳು.

"ಮಾಮಾ, ವಿಡಿಯೋ ನಮ್ಮ ಲ್ಯಾಬಿನವರ ಫೋನಿಗೂ ಬಂದೈತಿ. ನಿನ್ನೆ ರಾತ್ರಿನೇ ನೋಡೀನಿ. ಆತಗ ಕೇಳಿದೆ. ರಾಜಕೀಯ ನಿನಗ ತಿಳಿಯಂಗಿಲ್ಲ ಅಂದ."

"ಏನು ಮಾಡೂಣವ್ವಾ?"

ಕುರಿಗಳ ಸದ್ದಿನ ನಡುವೆ ಆಕೆ ಮೂಗು ಒರೆಸಿಕೊಂಡದ್ದು ಕೇಳಿಸಿತು. "ನನಗ ಆತ ಬೇಕು ಮಾಮಾ. ಸುಳ್ಳು ಹೇಳಂಗಿಲ್ಲ. ಆದ್ರ ಹಚ್ಚಿದ ಮ್ಯಾಲ ನಗಾಕತ್ತಿದ್ದ ನೋಡ್ರಿ, ಆ ನಗು ನನ್ನ ಕಣ್ಣ ಮುಂದಿಂದ ಹೋಗವಲ್ದು. ತೊಳೆಯೋತನಕ ನೀವು ಭಂಡಾರ ಮುಟ್ಟಬ್ಯಾಡ್ರಿ. ಅವ್ವಗೂ ಬಿಡಬ್ಯಾಡ್ರಿ." ಫೋನು ಇಟ್ಟಳು. ಕುರಿಗಳು ದಾಟಿದವು, ಗಾಡಿ ಹೊರಟಿತು.

ಉದಗೀರ

ಬೀರಣ್ಣ ಪೂಜಾರಿಯ ಮನೆ ಊರ ಅಂಚಿನಲ್ಲಿ, ಗುಡಿಗೆ ಹೊಂದಿಕೊಂಡೇ ಇದೆ. ಪೂಜಾರಿ ಸಣಕಲು ಮನುಷ್ಯ, ಮೆಲುದನಿ. ಅವನ ಮಗ ಎದುರು ನಿಂತರೆ ಎರಡು ಪಟ್ಟು ಕಾಣುತ್ತಾನೆ. ಮಾಳು ನಮ್ಮ ಕಾಲಿಗೆ ಬಿದ್ದ, ಅಕ್ಕನ ಚೀಲ ತೆಗೆದುಕೊಂಡ, ಕೈಕಾಲು ತೊಳೆಯಲು ನೀರು ಕೊಟ್ಟ. ಅವನ ಕೈಗಳನ್ನೇ ನೋಡಿದೆ. ಉಗುರಿನ ಸಂದಿಯಲ್ಲಿ ಕರಿ ಇನ್ನೂ ಉಳಿದಿತ್ತು. ಬೇರೆ ಸಮಯವಾಗಿದ್ದರೆ, ನಾಚಿಕೆಯ ಒಳ್ಳೆ ಹುಡುಗ ಎಂದು ಅಲ್ಲೇ ಒಪ್ಪಿಬಿಡುತ್ತಿದ್ದೆ. ಅದೇ ನನ್ನನ್ನು ಹೆಚ್ಚು ಕಾಡಿತು.

ಪಡಸಾಲೆಯಲ್ಲಿ ಕರಿ ಕಂಬಳಿಯನ್ನು ಮಡಚಿ ಗದ್ದುಗೆ ಮಾಡಿದ್ದರು. ಅದರ ಮೇಲೆ ಹಿತ್ತಾಳೆ ತಾಟಿನಲ್ಲಿ ಭಂಡಾರ. ಓಣಿಯವರು ಬಾಗಿಲಲ್ಲಿ, ಕಿಟಕಿಯಲ್ಲಿ ತುಂಬಿದ್ದರು. ಹೊರಗೆ ಮಾಳುವಿನ ಪಾರ್ಟಿಯ ಗೆಳೆಯರ ಬೈಕುಗಳು. ಪೂಜಾರಿ ಅಕ್ಕನ ಹಣೆಗೆ ಹಚ್ಚಿದ, ನನಗೆ ಹಚ್ಚಿದ, ಸ್ವಾಮಿಗಳಿಗೆ ಕೈ ಮುಗಿದ. ಮಗನ ಮುಂದೆ ಬಂದು ನಿಂತ. ತಾಟನ್ನು ಎದೆಗೆ ಎಳೆದುಕೊಂಡ.

"ಅಪ್ಪಾ, ಮನಿಗಿ ಬಂದ ಪಾವಣ್ಯಾರು ಕುಂತಾರ" ಎಂದ ಮಾಳು, ಹಲ್ಲು ಕಚ್ಚಿ.

"ಕುಂತಾರ ಅಂತೇ ಹೇಳ್ಲತ್ತೀನಿ. ಅವರಿಂದ ಮುಚ್ಚಿಡೋದು ಬ್ಯಾಡ. ಬಾಬುರಾವನ ಮನಿಗಿ ಹೋಗಿ ಅವನ ಮುಖ ತೊಳದು ಬಾ. ಆಮ್ಯಾಲ ಈ ತಾಟ ನಿನ್ನ ಮುಂದ ಬರ್ತದ."

"ಅಂವಾ ನಮ್ಮ ಸಾಹೇಬರಿಗಿ ಏನೇನು ಬರದಾನ, ನಿನಗ ಗೊತ್ತದ ಇಲ್ಲ?"

"ಗೊತ್ತದ. ಓದಿ ನನಗೂ ಸಿಟ್ಟ ಬಂದದ. ನೀನೂ ಬರೀಬೇಕಿತ್ತು. ಕೈಗಿ ಎಣ್ಣಿ ಯಾಕ ಹಚ್ಕೊಂಡಿ?"

"ಹೋದ ವರ್ಷ ಅವರು ಹಚ್ಚಲಿಲ್ಲೇನು?"

"ಹಚ್ಚಿದ್ರು. ಆವಾಗ ಟ್ರ್ಯಾಕ್ಟರ್ ಮುಂದ ನಾ ಏನಂದಿನಿ? ನೀ ನನ್ನ ಬಾಜೂಕೇ ನಿಂತಿದ್ದಿ. ನಮ್ಮಪ್ಪ ಖರೆ ಇನ್ಸಾಫ್ ಮಾಡ್ಯಾನ ಅಂತ ಊರೆಲ್ಲಾ ಹೇಳ್ಕೋತ ತಿರಗಿದ್ದಿ."

ಮಾಳುವಿನ ಮುಖ ಕೆಂಪಾಯಿತು. "ಅಪ್ಪಾ, ನೀ ಯಾರ ಕಡಿಯಂವಾ? ನಮ್ಮ ಕಡಿಯೋ, ಅವರ ಕಡಿಯೋ?"

"ಹೋದ ವರ್ಷ ಅವರೂ ಇದೇ ಕೇಳಿದ್ರು" ಎಂದ ಪೂಜಾರಿ.

ಕಿಟಕಿಯಲ್ಲಿ ಗುಸುಗುಸು ಎದ್ದಿತು. ಅಕ್ಕನಿಗೆ ತಡೆಯಲಾಗಲಿಲ್ಲ. ಮಾತು ಮುರಿದುಹೋಗುತ್ತದೆ ಎಂಬ ಗಾಬರಿಯಲ್ಲಿ ತಾಟಿನ ಕಡೆ ಕೈ ಚಾಚಿದಳು. ನಾನು ಆಕೆಯ ಮಣಿಕಟ್ಟು ಹಿಡಿದೆ. "ಬಿಡು, ನನ್ನ ಮಗಳ ಬಾಳು ಅದರಾಗ ಐತಿ!" ಎಂದಳು. "ಅದಕ್ಕೇ ಹಿಡಿದೀನಿ" ಎಂದೆ. ಮಾಳುವಿನ ಕಡೆ ತಿರುಗಿ, ರೇಣುಕಾ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ, ನಗೆಯ ಮಾತನ್ನೂ ಬಿಡದೆ. ನನ್ನ ದನಿ ಬಾಗಿಲ ಆಚೆಗೂ ಹೋಗಿರಬೇಕು.

ಅವನು ತಲೆ ತಗ್ಗಿಸಿದ. "ಮಾಮಾ, ನಾ ಹೋಗಿ ತೊಳದ್ರ ಬಾಬುರಾವ ಹತ್ತು ಮಂದಿನ್ನ ಕರದು ವಿಡಿಯೋ ತಗೀತಾನ. ನನ್ನ ಇಜ್ಜತ್ ಹ್ವಾದಂಗೇ. ಪಾರ್ಟ್ಯಾಗ ನನ್ನ ಯಾರೂ ಕೇಳಲ್ಲ, ಟಿಕೀಟನೂ ಹೋಯ್ತು." ಹಾಗೆಂದವನೇ ಹೊರಗೆ ಹೋದ. ಬೈಕುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ತಾಟು ಹಾಗೇ ಗದ್ದುಗೆಯ ಮೇಲೆ ಉಳಿಯಿತು.

ಬಾಬುರಾವನ ಅಂಗಡಿ

ಪೂಜಾರಿ ಚಪ್ಪಲಿ ಮೆಟ್ಟಿಕೊಂಡ. "ಹುಡುಗ ಅಂದದ್ರಾಗ ಒಂದು ಮಾತ ಖರೆ ಅದ. ಬರ್ರಿ ಮಾಸ್ತರ" ಎಂದು ನನ್ನನ್ನು ಬಾಬುರಾವನ ಕಿರಾಣಿ ಅಂಗಡಿಗೆ ಕರೆದುಕೊಂಡು ಹೋದ. ಬಾಬುರಾವ್ ತಕ್ಕಡಿಯ ಹಿಂದೆ ಕೂತಿದ್ದ. ಮುಖ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಎಡ ಕಿವಿಯ ಹಿಂದೆ ಮಾತ್ರ ಕರಿ ಗೀರೊಂದು ಉಳಿದಿತ್ತು, ಅದು ಅವನಿಗೆ ಕಾಣುವುದಿಲ್ಲ. ನೋಡಿ ನನಗೆ ಸಂಕಟವಾಯಿತು.

"ಯಾ, ಬರ್ರಿ ಪೂಜಾರಿಬುವಾ!" ಎಂದು ಎದ್ದು ಕೈ ಮುಗಿದ. "ಕೇಳೀನಿ, ಎಲ್ಲಾ ಕೇಳೀನಿ. ಮಗಗ ಭಂಡಾರ ಕೊಡಲಿಲ್ಲಂತ. ನೀವು ದೇವರಂಥವ್ರು!"

"ಹೋದ ವರ್ಷ ಬಿಕರಿ ಆದಂವಾ ಅಂದಿದ್ದಿ" ಎಂದ ಪೂಜಾರಿ.

ಬಾಬುರಾವ್ ಕೆಮ್ಮಿದ. ಪೂಜಾರಿ ನೇರ ಮಾತಿಗೆ ಬಂದ. ಮಗ ಬಂದರೆ ತೊಳೆಸಿಕೊಳ್ಳಬೇಕು, ಯಾರೂ ಫೋನು ತೆಗೆಯಬಾರದು.

"ಅದು ಹ್ಯಾಂಗ ಆಗ್ತದ? ಹಚ್ಚಿದ್ದು ಇಡೀ ತಾಲೂಕ ನೋಡ್ಯದ. ನನ್ನ ಮಗಳ ಸಾಲಿಯಾಗ ಹುಡುಗ್ರು ನೋಡಿ ನಕ್ಕಾರ. ಆಕಿ ಮನಿಗಿ ಬಂದು ಊಟಾ ಬಿಟ್ಟಾಳ. ತೊಳಿಯೋದೂ ಇಡೀ ತಾಲೂಕ ನೋಡಲಿ!"

ಅವನು ಹೇಳಿದ್ದು ಸುಳ್ಳಲ್ಲ. ಪೂಜಾರಿ ತಕ್ಕಡಿಯ ಹತ್ತಿರ ಸರಿದು ಹೇಳಿದ, "ಹೋದ ವರ್ಷ ನಿಮ್ಮ ಹುಡುಗ ತೊಳಿಲಾಕ ಹೋದಾಗ ನನ್ನ ಮಗನ ದೋಸ್ತರು ಫೋನ ಹಿಡಕೊಂಡು ಬಂದಿದ್ರು. ಒಳಗ ಬಿಟ್ಟಿನೇನು? ಬಾಗಿಲ್ದಾಗ ಅಡ್ಡ ನಿಂತೀನಿ ಇಲ್ಲ? ಇವತ್ತ ನಿನ್ನ ಮಂದಿಗೂ ಅಡ್ಡ ನಿಂದ್ರತೀನಿ."

"ನನಗ ಅಂಥಾ ತೊಳಸೋದು ಬ್ಯಾಡ" ಎಂದ ಬಾಬುರಾವ್.

ಇಲ್ಲಿ ನನ್ನ ಸಿಟ್ಟು ಸೀಟಿ ಊದಿತು. "ಸಾಹೇಬ್ರೇ, ನಿಮ್ಮ ಮೇಲೆ ಆದದ್ದು ಫೌಲು. ನೀವು ಮಾಡ್ತೀನಿ ಅನ್ನೋದೂ ಫೌಲು. ಎರಡು ಫೌಲು ಸೇರಿ ಒಂದು ಪಾಯಿಂಟ್ ಆಗಂಗಿಲ್ಲ!"

ಅವನೂ ಬಿಡಲಿಲ್ಲ. "ನೀವ್ ಕರ್ನಾಟಕದವ್ರು ನಮಗ ಹೇಳ್ಲಾಕ ಬಂದೀರಿ? ನಿಮ್ಮ ಕಡಿ ನಮ್ಮ ಮಹಾರಾಷ್ಟ್ರದ ಬಸ್ಸಿಗಿ ಮಸಿ ಬಳದಾಗ ನೀವ್ ಎಲ್ಲಿ ಮಲಗಿದ್ರಿ?"

"ಮಲಗಿರಲಿಲ್ಲ! ನಮ್ಮೂರಾಗ ಬಳದ ಹುಡುಗ್ರೆಲ್ಲಾ ನನ್ನ ಕಬಡ್ಡಿ ಶಿಷ್ಯರು. ಓಣಿಯಾಗ ನಿಲ್ಲಿಸಿ ಅದು ತಪ್ಪು ಅಂದೆ. ಅಂದಿದ್ದಕ್ಕ ನನ್ನ ಗಣಪತಿ ಕಮಿಟಿಯಿಂದ ತೆಗೆದು ಹಾಕ್ಯಾರ. ಈ ವರ್ಷ ಪ್ರಸಾದನೂ ಕಳಿಸಲಿಲ್ಲ!"

ಕಡೆಯ ಮಾತಿಗೆ ನನ್ನ ದನಿ ಹೇಗೋ ಒಡೆಯಿತು. ಪ್ರಸಾದ ಬರದಿದ್ದದ್ದು ನನಗೆ ನಿಜಕ್ಕೂ ನೋವಾಗಿತ್ತು. ಬಾಬುರಾವ್ ನನ್ನನ್ನೇ ನೋಡಿದ. ಬರಣಿಯಿಂದ ಒಂದು ಹಿಡಿ ಪುಟಾಣಿ ಬೆಲ್ಲ ತೆಗೆದು ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟ. ಆದರೆ ಹೂಂ ಎನ್ನಲಿಲ್ಲ.

ತಿರುಗಿ ಬಂದೆವು. ಆ ರಾತ್ರಿ ಪೂಜಾರಿಯ ಹೆಂಡತಿ ಪುಂಡಿಪಲ್ಲೆ, ಜೋಳದ ರೊಟ್ಟಿ ಬಡಿಸಿದಳು. ಅಕ್ಕ ತನ್ನ ಚೀಲ ಬಿಚ್ಚದೆ ಅದನ್ನೇ ಉಂಡಳು. ಮಾಳು ಮನೆಗೆ ಬರಲಿಲ್ಲ.

ಬಸ್ ನಿಲ್ದಾಣ

ಬೆಳಿಗ್ಗೆ ಬೀದರಿನ ಬಸ್ಸು ಹತ್ತಿ ಕೂತೆವು. ನಮ್ಮನ್ನು ಕಳಿಸಲು ಬಂದ ಪೂಜಾರಿ ಕಿಟಕಿಯ ಕೆಳಗೆ ನಿಂತಿದ್ದ, ಸೊಂಟದಲ್ಲಿ ಭಂಡಾರದ ಸಣ್ಣ ಚೀಲ ಯಾವತ್ತಿನಂತೆ ಇತ್ತು. ಅಕ್ಕ ಅವನ ಕಡೆ ನೋಡದೆ, "ಅಣ್ಣಾ, ನಿಮ್ಮ ಮೇಲೆ ನಮಗ ಸಿಟ್ಟಿಲ್ಲ" ಎಂದಳು. ಅವನು ತಲೆಯಾಡಿಸಿದ. ಅವನ ಕಣ್ಣು ನಿದ್ದೆ ಕಂಡಿರಲಿಲ್ಲ. ಮಗನನ್ನು ಕಳಕೊಂಡವನ ಹಾಗೆ ನಿಂತಿದ್ದ.

ಬಸ್ಸು ಹಿಂದಕ್ಕೆ ಸರಿದು ಗೇಟಿನ ಕಡೆ ತಿರುಗಿತು. ಅಷ್ಟರಲ್ಲಿ ಒಂದು ಬುಲೆಟ್ ಅಡ್ಡ ಬಂದು ನಿಂತಿತು. ಚಾಲಕ ಮರಾಠಿಯಲ್ಲಿ ಬೈದ. ಮುಂದೆ ಮಾಳು. ಹಿಂದೆ ಕೂತಿದ್ದವನನ್ನು ನೋಡಿ ನಾನು ಸೀಟಿನಿಂದ ಎದ್ದೆ. ಬಾಬುರಾವ್! ಅಂಗಿಯ ಕಾಲರ್ ಒದ್ದೆಮುದ್ದೆ. ಇಬ್ಬರೂ ಬೈಕಿನ ಮೇಲೇ ಜಗಳವಾಡುತ್ತಿದ್ದರು.

"ನಿಮ್ಮ ಸಾಹೇಬ ಈ ಸಲ ಬೀಳ್ತಾನ, ಬರಕೋ" ಎನ್ನುತ್ತಿದ್ದ ಬಾಬುರಾವ್.

"ನೀ ಮೊದಲ ಕೆಳಗ ಇಳಿ ಕಾಕಾ" ಎಂದ ಮಾಳು.

ಬಾಬುರಾವ್ ಇಳಿದು ಕಿಟಕಿಯ ಹತ್ತಿರ ಬಂದ. "ಮಾಸ್ತರ, ನಸುಕಿನ್ಯಾಗ ಶೆಟರ್ ಎತ್ತೀನಿ, ಎದುರಿಗಿ ಇಂವಾ ಒಬ್ಬನೇ ತಂಬಿಗಿ ಹಿಡದು ನಿಂತಾನ. ಆ ಹುಡುಗಿ ಅಂದ ಮಾತು ರಾತ್ರಿ ಮಲಗಗೊಡಲಿಲ್ಲ ಅಂತಾನ. ನಾ ಒಳಗ ಓಡಿ ಫೋನ ಹುಡಕಲತ್ತೀನಿ, ಸಿಗವಲ್ದು. ನನ್ನ ಹೆಂಡತಿ ಅಕ್ಕಿ ಡಬ್ಬ್ಯಾಗ ಬಚ್ಚಿಟ್ಟಾಳ! ಸುಮ್ಮ ಮುಖ ತೊಳಸ್ಕೋರಿ ಅಂತ ಜಬರಿಸಿದ್ಲು. ಮಗಳು ಟಾವೆಲ್ ಹಿಡದು ನಿಂತಿದ್ಲು. ನಿಮಗ ಸಾಕ್ಷಿ ಹೇಳ್ಲಾಕ ಬಂದೀನಿ, ನೋಡ್ರಿ" ಎಂದು ಎಡ ಕಿವಿ ಬಗ್ಗಿಸಿ ತೋರಿಸಿದ. ಗೀರು ಇರಲಿಲ್ಲ. "ಓಟ ಮಾತ್ರ ಇವರಿಗಿ ಹಾಕಂಗಿಲ್ಲ, ಹೇಳಿಟ್ಟೀನಿ."

"ನಿನ್ನ ಓಟ ಯಾರ್ ಕೇಳ್ಯಾರ?" ಎಂದ ಮಾಳು. ಅವನ ಮುಖದಲ್ಲಿ ನಗೆ ಇರಲಿಲ್ಲ. ಗೆಳೆಯರಿಗೆ ಸುದ್ದಿ ಆಗಲೇ ಮುಟ್ಟಿತ್ತು, ಪಾರ್ಟಿಯ ವಾಟ್ಸಾಪ್ ಗುಂಪಿನಿಂದ ಬೆಳಿಗ್ಗೆಯೇ ಅವನನ್ನು ತೆಗೆದಿದ್ದರು. ಅದನ್ನು ಬಾಬುರಾವನೇ ನನಗೆ ಹೇಳಿದ, ಹೇಳುವಾಗ ಅವನಿಗೂ ಸ್ವಲ್ಪ ಕೆಡುಕೆನಿಸಿದಂತೆ ಕಂಡಿತು.

ಪೂಜಾರಿ ಮಗನ ಎರಡೂ ಕೈ ಹಿಡಿದು ತಿರುಗಿಸಿ ಉಗುರು ನೋಡಿದ. ಸೊಂಟದ ಚೀಲ ಬಿಚ್ಚಿ ಮಗನ ಹಣೆಗೆ ಭಂಡಾರ ಹಚ್ಚಿದ. ಅವಸರಕ್ಕೆ ಒಂದಿಷ್ಟು ಮೂಗಿನ ಮೇಲೂ ಬಿತ್ತು. ಅಕ್ಕ ಬಸ್ಸಿನ ಮೆಟ್ಟಿಲಿಗೆ ಓಡಿ ಬಂದಳು. ಕಂಡಕ್ಟರ್ "ಚಲಾ, ಚಲಾ" ಎನ್ನುತ್ತಿದ್ದಂತೆ, ತಾಟಿಲ್ಲದೆ, ಗದ್ದುಗೆ ಇಲ್ಲದೆ, ಪೂಜಾರಿಯ ಅಂಗೈಯಿಂದಲೇ ನಾನು, ಅಕ್ಕ, ಮಾಳು ಮೂವರೂ ಭಂಡಾರ ಎತ್ತಿದೆವು. ಒಂದು ಚಿಟಿಕೆ ಕಂಡಕ್ಟರನ ಅಂಗಿಗೂ ಬಿತ್ತು. ಅವನು ಬೈಯಲು ಬಾಯಿ ತೆರೆದವನು ಅದನ್ನೇ ಹಣೆಗೆ ಒತ್ತಿಕೊಂಡು ಸೀಟಿ ಊದಿದ.

ಊರು ದಾಟಿದ ಮೇಲೆ ಅಕ್ಕ ರೊಟ್ಟಿಯ ಗಂಟಿನ ಕೆಳಗಿಂದ ಮೊಬೈಲು ತೆಗೆದು ರೇಣುಕಾಗೆ ಫೋನು ಹಚ್ಚಿದಳು. ಅಳುತ್ತಾ ನಗುತ್ತಾ ಎಲ್ಲ ಹೇಳಿದಳು. ನಾನು ಫೋನು ಇಸಿದುಕೊಂಡೆ.

"ಮಾಮಾ, ತೊಳೆದದ್ದು ನೀವು ನೋಡಿದ್ರೇನು?"

"ಇಲ್ಲವ್ವಾ. ಬಾಬುರಾವನ ಒದ್ದಿ ಕಾಲರ್ ನೋಡಿದೆ."

"ಯಾರಾದ್ರೂ ವಿಡಿಯೋ ತಗದಾರೇನು?"

"ಇಲ್ಲ. ಯಾರೂ ತಗದಿಲ್ಲ."

ಆಕೆ ಉಸಿರು ಬಿಟ್ಟದ್ದು ಕೇಳಿಸಿತು. "ಹಂಗಾದ್ರ ತೋರಿಕಿಗಲ್ಲ, ಖರೆನೇ ತೊಳದಾನ ಬಿಡ್ರಿ" ಎಂದಳು.